ಹೇಳಿಕೊಳ್ಳಲು ಏನೂ ಇಲ್ಲದವರ ಬದುಕು

ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಬಂದಾಗ ಯಾರು ಎದ್ದು ನಿಲ್ಲುತ್ತಾರೆ ಎಂಬುದನ್ನು ಗಮನಿಸಿದರೆ, ನಮ್ಮ ಸಭೆಗಳು ಎಂಥ ಬದುಕನ್ನು ಬೆಲೆಯುಳ್ಳದ್ದೆಂದು ಎಣಿಸುತ್ತವೆ ಎಂಬುದು ತಾನಾಗಿಯೇ ತಿಳಿದುಬಿಡುತ್ತದೆ. ಕುಡಿತದಿಂದ ಬಿಡುಗಡೆ ಹೊಂದಿದವರು, ವೈದ್ಯರು ಕೈಬಿಟ್ಟ ಕಾಯಿಲೆಯಿಂದ ಎದ್ದು ಬಂದವರು, ಕೈತುಂಬ ಸಂಬಳ ತರುತ್ತಿದ್ದ ಕೆಲಸವನ್ನು ಬಿಟ್ಟು ದೇವರ ಸೇವೆಗೆ ಹೊರಟವರು ಮಾತನಾಡುತ್ತಾರೆ. ಕೇಳುವವರ ಕಣ್ಣು ತುಂಬಿ ಬರುತ್ತದೆ, ಸ್ತೋತ್ರದ ದನಿ ಏರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಕೃಪೆಯನ್ನು ಅನುಭವಿಸಿದವರು ಅದನ್ನು ಹೇಳಿಕೊಳ್ಳಲೇಬೇಕು. ಆದರೆ ಅದೇ ಸಭೆಯಲ್ಲಿ ಚಿಕ್ಕಂದಿನಿಂದ ಒಂದೇ ಬೆಂಚಿನಲ್ಲಿ ಕುಳಿತು ಬೆಳೆದ, ಮದುವೆಯಾಗಿ ಮಕ್ಕಳನ್ನು ಸಾಕಿದ, ಹಾಸಿಗೆ ಹಿಡಿದ ಅತ್ತೆಯ ಆರೈಕೆಯನ್ನು ವರ್ಷಗಟ್ಟಲೆ ಮಾಡಿದ, ಪ್ರತಿದಿನವೂ ಮಲಗುವ ಮುನ್ನ ಎರಡು ಮಾತಿನ ಪ್ರಾರ್ಥನೆ ಹೇಳಿ ಕಣ್ಣು ಮುಚ್ಚಿದ ಹೆಂಗಸನ್ನು ಯಾರಾದರೂ ಒತ್ತಾಯಿಸಿ ಎಬ್ಬಿಸಿದರೆ, ತನ್ನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಸಂಕೋಚದಿಂದ ಕುಳಿತುಬಿಡುತ್ತಾಳೆ. ಕುಳಿತವಳನ್ನು ಯಾರೂ ಮತ್ತೆ ಎಬ್ಬಿಸುವುದಿಲ್ಲ, ಏಕೆಂದರೆ ಅವಳ ಮಾತನ್ನು ಎಲ್ಲರೂ ಒಳಗೊಳಗೇ ಒಪ್ಪಿಕೊಂಡಿರುತ್ತಾರೆ.

ಈ ಒಪ್ಪಿಗೆ ಕ್ರೈಸ್ತ ನಂಬಿಕೆಯಿಂದ ಬಂದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಸಾಧನೆಯನ್ನು ಅಳೆಯುವ ಲೋಕದ ಅಳತೆಗೋಲಿಗೆ ನಾವು ಭಕ್ತಿಯ ಬಣ್ಣ ಬಳಿದು ಚರ್ಚಿನೊಳಗೆ ತಂದಿಟ್ಟುಕೊಂಡಿದ್ದೇವೆ, ಅಷ್ಟೆ. ಹೊರಗೆ ಅಧಿಕಾರ, ಹಣ, ಹೆಸರು ಎಂದು ಕರೆಯಿಸಿಕೊಳ್ಳುವುದು ಒಳಗೆ ಬರುವಾಗ ದರ್ಶನ, ಅಭಿಷೇಕ, ಮಹಾ ಕರೆ ಎಂಬ ಹೆಸರು ತಳೆಯುತ್ತದೆ. ಯುವಜನರ ಶಿಬಿರಗಳಲ್ಲಿ ದೇವರು ನಿಮ್ಮಿಂದ ಮಹತ್ತಾದದ್ದನ್ನು ಮಾಡಿಸಲಿದ್ದಾನೆ ಎಂದು ಕೇಳಿ ಬೆಳೆದವರಲ್ಲಿ ಬಹುಪಾಲು ಜನ ಮುಂದೆ ಸಾಮಾನ್ಯರಾಗಿಯೇ ಉಳಿಯುತ್ತಾರೆ. ನಲವತ್ತು ದಾಟಿದ ಮೇಲೆ ಅವರಿಗೆ ಒಂದು ಗುಟ್ಟಾದ ನೋವು ಅಂಟಿಕೊಳ್ಳುತ್ತದೆ: ತಾವು ದೇವರ ಯೋಜನೆಯನ್ನು ಎಲ್ಲೋ ತಪ್ಪಿಸಿಕೊಂಡೆವೇನೋ ಎಂಬ ನೋವು.

ಬೈಬಲಿನ ನ್ಯಾಯಸ್ಥಾಪಕರು ಎಂಬ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಅಬೀಮೆಲೆಕನ ಕಥೆ ಬರುತ್ತದೆ. ಅವನು ತನ್ನ ಎಪ್ಪತ್ತು ಮಂದಿ ಸಹೋದರರನ್ನು ಕೊಲ್ಲಿಸಲು ಹೊರಟು ಅರಸನಾದವನು. ಒಬ್ಬ ಕಿರಿಯವನು ಮಾತ್ರ ಅಡಗಿಕೊಂಡು ಬದುಕುತ್ತಾನೆ. ಅಬೀಮೆಲೆಕ ಆಳಿದ್ದು ಕೇವಲ 3 ವರ್ಷ, ಆದರೆ ಆ ಅಧ್ಯಾಯದಲ್ಲಿ 57 ವಚನಗಳಿವೆ. ಒಳಸಂಚು, ಬೆಂಕಿ, ಮುತ್ತಿಗೆ, ಕೊನೆಗೆ ಗೋಪುರದ ಮೇಲಿನಿಂದ ಹೆಂಗಸೊಬ್ಬಳು ಎತ್ತಿಹಾಕಿದ ಬೀಸುವ ಕಲ್ಲು ತಲೆಗೆ ಬಿದ್ದು ಅವನ ಅಂತ್ಯ, ಎಲ್ಲವೂ ಅದರಲ್ಲಿದೆ. ಪುಟ ತಿರುಗಿಸಿದರೆ ಹತ್ತನೆಯ ಅಧ್ಯಾಯದ ಆರಂಭದಲ್ಲಿ ತೋಲ ಎಂಬವನು ಸಿಗುತ್ತಾನೆ. ಇಸ್ಸಾಕಾರ್ ಕುಲದವನು, ಎಫ್ರಾಯೀಮ್ ಬೆಟ್ಟದ ಸೀಮೆಯ ಶಾಮೀರಿನಲ್ಲಿ ವಾಸಿಸಿದವನು, ಇಸ್ರಾಯೇಲ್ಯರನ್ನು ರಕ್ಷಿಸಲು ಎದ್ದವನು, 23 ವರ್ಷ ಅವರಿಗೆ ನ್ಯಾಯ ತೀರಿಸಿದವನು, ಸತ್ತು ಶಾಮೀರಿನಲ್ಲೇ ಹೂಳಲ್ಪಟ್ಟವನು. ಅವನ ವಿಷಯ ಅಲ್ಲಿಗೆ ಮುಗಿಯಿತು. ಅವನ ನಂತರ ಬಂದ ಗಿಲ್ಯಾದಿನ ಯಾಯೀರನು 22 ವರ್ಷ ನ್ಯಾಯ ತೀರಿಸಿದ. ಅವನ ಬಗ್ಗೆ ನಮಗೆ ಸಿಗುವ ಹೆಚ್ಚಿನ ಸಂಗತಿ ಎಂದರೆ ಅವನ ಮೂವತ್ತು ಮಕ್ಕಳು ಮೂವತ್ತು ಕತ್ತೆಗಳ ಮೇಲೆ ಸವಾರಿ ಮಾಡುತ್ತಿದ್ದರು ಮತ್ತು ಅವರಿಗೆ ಮೂವತ್ತು ಊರುಗಳಿದ್ದವು ಎಂಬುದು. ಇಬ್ಬರದೂ ಸೇರಿ 45 ವರ್ಷ, ಐದೇ ವಚನ.

ಈ ಐದು ವಚನಗಳ ಮೇಲೆ ಉಪದೇಶ ಮಾಡಿದವರನ್ನು ನಾನು ಕೇಳಿಲ್ಲ. ಆದರೆ ಅಬೀಮೆಲೆಕನ ಮೂರು ವರ್ಷಗಳಲ್ಲಿ ಬದುಕುವುದು ಮೇಲೋ, ತೋಲನ ಇಪ್ಪತ್ತಮೂರು ವರ್ಷಗಳಲ್ಲಿ ಬದುಕುವುದು ಮೇಲೋ ಎಂದು ಆ ಸೀಮೆಯ ರೈತನೊಬ್ಬನನ್ನು ಕೇಳಿದ್ದರೆ ಅವನು ಉತ್ತರಕ್ಕಾಗಿ ತಡವರಿಸುತ್ತಿರಲಿಲ್ಲ. ಬೆಳೆ ಬಿತ್ತಿದವನೇ ಅದನ್ನು ಕೊಯ್ದ, ಬೇಲಿಯ ಜಗಳ ಕತ್ತಿ ಹಿರಿಯದೆ ತೀರಿತು, ಹೆಣ್ಣುಮಕ್ಕಳು ಬಾವಿಗೆ ಹೋಗಿ ಸುಖವಾಗಿ ಮನೆಗೆ ಬಂದರು. ಬರೆಯುವವನಿಗೆ ಇದರಲ್ಲಿ ವಸ್ತು ಇಲ್ಲ. ಅದೇ ಗ್ರಂಥದಲ್ಲಿ ಮಹಾಬಲಶಾಲಿಯಾದ ಸಂಸೋನನಿಗೆ ನಾಲ್ಕು ಅಧ್ಯಾಯಗಳು ದೊರೆತವು. ಅವನು ನ್ಯಾಯ ತೀರಿಸಿದ್ದು 20 ವರ್ಷ, ಹೋರಾಡಿದ್ದು ಒಬ್ಬನೇ, ಸತ್ತದ್ದು ಕುರುಡನಾಗಿ, ಶತ್ರುಗಳ ನಡುವೆ. ಪವಿತ್ರಗ್ರಂಥದಲ್ಲಿ ಕೂಡ ಕಥೆಯ ಉದ್ದ ಬದುಕಿನ ಬೆಲೆಗೆ ಸಮನಾಗಿಲ್ಲ ಎಂಬುದನ್ನು ನಾವು ಓದುವಾಗ ಮರೆಯುತ್ತೇವೆ.

ಇದಕ್ಕಿಂತಲೂ ದೊಡ್ಡ ಮೌನವೊಂದು ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿದೆ. ಯೇಸು ತನ್ನ ಸೇವೆಯನ್ನು ಆರಂಭಿಸಿದಾಗ ಸುಮಾರು 30 ವರ್ಷದವನಾಗಿದ್ದನು ಎಂದು ಲೂಕನು ಬರೆಯುತ್ತಾನೆ. ಹುಟ್ಟು ಮತ್ತು ಶೈಶವದ ಕೆಲವು ಘಟನೆಗಳು, ಹನ್ನೆರಡನೆಯ ವಯಸ್ಸಿನಲ್ಲಿ ಯೆರೂಸಲೇಮಿನ ದೇವಾಲಯದಲ್ಲಿ ನಡೆದ ಒಂದು ಪ್ರಸಂಗ, ಇಷ್ಟನ್ನು ಬಿಟ್ಟರೆ ಆ ಮೂವತ್ತು ವರ್ಷಗಳ ಬಗ್ಗೆ ನಮಗೆ ದೊರೆಯುವುದು ಎರಡು ಮೂರು ವಾಕ್ಯ: ಅವನು ನಜರೇತಿಗೆ ಹೋಗಿ ತಂದೆತಾಯಿಗಳಿಗೆ ಅಧೀನನಾಗಿದ್ದನು, ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆದನು, ದೇವರ ಮತ್ತು ಮನುಷ್ಯರ ದಯೆಗೆ ಪಾತ್ರನಾದನು. ನಜರೇತ್ ಎಂಬ ಹೆಸರು ಹಳೆಯ ಒಡಂಬಡಿಕೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಅಲ್ಲಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಯೇಲನು ಕೇಳಿದ್ದು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ. ಮುಂದೆ ಯೇಸು ಊರಿಗೆ ಬಂದು ಸಭಾಮಂದಿರದಲ್ಲಿ ಬೋಧಿಸಿದಾಗ, ಇವನು ಆ ಬಡಗಿಯಲ್ಲವೇ ಎಂದು ಊರವರು ಬೇಸರಪಟ್ಟರು ಎನ್ನುತ್ತಾನೆ ಮಾರ್ಕ. ಆ ಬೇಸರದಲ್ಲಿ ಒಂದು ಮುಖ್ಯ ಸಾಕ್ಷ್ಯವಿದೆ. ಜೊತೆಗೇ ಬೆಳೆದವರಿಗೆ, ಅವನ ಕೈಯಿಂದ ಬಾಗಿಲು ಮಾಡಿಸಿಕೊಂಡವರಿಗೆ, ಅವನಲ್ಲಿ ಬೆರಗುಪಡುವಂಥದ್ದು ಏನೂ ಕಂಡಿರಲಿಲ್ಲ. ಅಂದರೆ ಅವನು ನಜರೇತಿನಲ್ಲಿ ಬಡಗಿಯ ವೇಷ ಹಾಕಿಕೊಂಡು ಇರಲಿಲ್ಲ, ಬಡಗಿಯೇ ಆಗಿದ್ದನು.

ಈ ಮೌನವನ್ನು ಸಹಿಸಲಾರದ ಭಕ್ತರು ಬಹಳ ಹಿಂದೆಯೇ ಇದ್ದರು. ತೋಮನ ಹೆಸರಿನಲ್ಲಿ ಪ್ರಚಲಿತವಾದ ಬಾಲ್ಯದ ಸುವಾರ್ತೆ ಎಂಬ ಗ್ರಂಥವನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡನೆಯ ಶತಮಾನದ್ದೆಂದು ಎಣಿಸುತ್ತಾರೆ. ಅದರಲ್ಲಿ ಬಾಲಕ ಯೇಸು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಜೇಡಿಮಣ್ಣಿನಿಂದ ಹನ್ನೆರಡು ಗುಬ್ಬಿಗಳನ್ನು ಮಾಡಿ ಚಪ್ಪಾಳೆ ತಟ್ಟಿ ಹಾರಿಸುತ್ತಾನೆ. ನನ್ನ ಗಮನ ಸೆಳೆಯುವುದು ಇನ್ನೊಂದು ಕಥೆ: ಯೋಸೇಫನಿಗೆ ಒಬ್ಬ ಶ್ರೀಮಂತ ಮಂಚ ಮಾಡಲು ಹೇಳುತ್ತಾನೆ, ಒಂದು ಮರದ ತುಂಡು ಇನ್ನೊಂದಕ್ಕಿಂತ ಗಿಡ್ಡವಾಗಿಬಿಡುತ್ತದೆ, ಮಗ ಅದನ್ನು ಹಿಡಿದು ಎಳೆದು ಸರಿಯಾದ ಉದ್ದಕ್ಕೆ ತರುತ್ತಾನೆ. ಆ ಕಥೆಯನ್ನು ಕಟ್ಟಿದವನಿಗೆ ಬಡಗಿಯ ಅಂಗಡಿಯನ್ನು ಅದರ ಪಾಡಿಗೆ ಬಿಡಲು ಮನಸ್ಸು ಬಂದಿಲ್ಲ. ಅಳತೆ ತಪ್ಪಿದ ಮರವನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೊಯ್ಯುವುದು, ಬೆವರು ಒರೆಸಿಕೊಳ್ಳುವುದು, ತಡವಾಯಿತೆಂದು ಗಿರಾಕಿಯಿಂದ ಬೈಸಿಕೊಳ್ಳುವುದು ದೇವಕುಮಾರನಿಗೆ ತಕ್ಕದ್ದಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಸಭೆಯು ಆ ಗ್ರಂಥವನ್ನು ಹೊಸ ಒಡಂಬಡಿಕೆಗೆ ಸೇರಿಸಿಕೊಳ್ಳಲಿಲ್ಲ. ಗಿಡ್ಡ ಮರವು ಗಿಡ್ಡವಾಗಿಯೇ ಉಳಿಯುವ ನಜರೇತನ್ನು ಉಳಿಸಿಕೊಂಡದ್ದು ಸಭೆಯ ಇತಿಹಾಸದ ವಿವೇಕಗಳಲ್ಲಿ ಒಂದೆಂದು ನಾನು ತಿಳಿದಿದ್ದೇನೆ.

ಆ ವರ್ಷಗಳ ಕೊನೆಗೆ ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನವಾದಾಗ ಪರಲೋಕದಿಂದ ಬಂದ ದನಿ, ನೀನು ನನ್ನ ಪ್ರಿಯ ಮಗನು, ನಿನ್ನನ್ನು ನಾನು ಮೆಚ್ಚಿದ್ದೇನೆ ಎಂದಿತು. ಮಾರ್ಕನ ಸುವಾರ್ತೆಯ ಕ್ರಮದಲ್ಲಿ ಆ ಹೊತ್ತಿಗೆ ಯೇಸು ಒಂದು ಉಪದೇಶವನ್ನೂ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿರಲಿಲ್ಲ. ತಂದೆಯ ಮೆಚ್ಚುಗೆಗೆ ಆಧಾರವಾಗಿ ತೋರಿಸಬಹುದಾದ ಸಾಧನೆ ಯಾವುದೂ ಇನ್ನೂ ಕಾಣಿಸಿಕೊಂಡಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ಈ ಕ್ರಮವನ್ನು ತಿರುಗಿಸಿದ ಕೂಡಲೇ ಕ್ರೈಸ್ತ ನಂಬಿಕೆಯು ದೇವರಿಗೆ ಲೆಕ್ಕ ಒಪ್ಪಿಸುವ ಒಂದು ದುಡಿಮೆಯಾಗಿಬಿಡುತ್ತದೆ.

ಇಲ್ಲಿ ಒಂದು ತೊಡಕಿದೆ. ಸಾಮಾನ್ಯ ಬದುಕಿನ ಹಿರಿಮೆಯನ್ನು ಹೇಳಹೊರಟ ನಾವು ಉದಾಹರಣೆಗೆಂದು ಎತ್ತಿಕೊಳ್ಳುವವರೆಲ್ಲರೂ ಪ್ರಸಿದ್ಧರು. ಬ್ರದರ್ ಲಾರೆನ್ಸ್ ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಎಂಬ ಸನ್ಯಾಸಿ ಪಂಥದ ಮಠದ ಅಡುಗೆಮನೆಯಲ್ಲಿ ದುಡಿದರು. ಅಡುಗೆ ಕೆಲಸವೆಂದರೆ ಅವರಿಗೆ ಸ್ವಭಾವತಃ ಆಗುತ್ತಿರಲಿಲ್ಲ, ಆದರೂ ವರ್ಷಗಟ್ಟಲೆ ಮಾಡಿದರು, ಪಾತ್ರೆಗಳ ಗದ್ದಲದ ನಡುವೆಯೇ ದೇವರ ಸಾನ್ನಿಧ್ಯವನ್ನು ಅಭ್ಯಾಸ ಮಾಡಿಕೊಂಡರು, 1691ರಲ್ಲಿ ತೀರಿಕೊಂಡರು. ಅವರ ಮಾತುಗಳೂ ಪತ್ರಗಳೂ ಅಚ್ಚಾಗಿ ಇಂದಿಗೂ ಹಲವು ಭಾಷೆಗಳಲ್ಲಿ ಓದಲ್ಪಡುತ್ತಿವೆ. ಹಾಗಾದರೆ ಅವರು ಸಾಮಾನ್ಯರಾಗಿ ಉಳಿದರೇ? ಅಡುಗೆಮನೆಯನ್ನು ಕೊಂಡಾಡುವ ನೆವದಲ್ಲಿ ನಾವು ಮತ್ತೆ ಒಬ್ಬ ಸಾಧಕನನ್ನೇ ಕೊಂಡಾಡುತ್ತಿಲ್ಲವೇ? ಸಣ್ಣ ಕೆಲಸವನ್ನು ಮಾಡುತ್ತಿರು, ಒಂದು ದಿನ ಅದೇ ನಿನ್ನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂಬ ಆಸೆ ಈ ಕಥೆಗಳ ಅಡಿಯಲ್ಲಿ ಮೆಲ್ಲಗೆ ಹರಿಯುತ್ತಿರುತ್ತದೆ.

ಲಿಸ್ಯೂವಿನ ತೆರೇಸಾ ಅವರ ವಿಷಯದಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗಿದೆ. 1873ರಲ್ಲಿ ಹುಟ್ಟಿದ ಆಕೆ 1888ರಲ್ಲಿ, ಹದಿನೈದನೆಯ ವಯಸ್ಸಿಗೆ, ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಒಂಬತ್ತು ವರ್ಷಗಳ ನಂತರ, 1897ರ ಸೆಪ್ಟೆಂಬರ್ 30ರಂದು, ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ 24 ವರ್ಷ. ಮಠದಲ್ಲಿ ಒಬ್ಬ ಸನ್ಯಾಸಿನಿ ಸತ್ತರೆ ಅವರ ಬದುಕಿನ ವಿವರಗಳನ್ನು ಬರೆದು ಇತರ ಮಠಗಳಿಗೆ ಕಳುಹಿಸುವ ಪದ್ಧತಿ ಇತ್ತು. ತೆರೇಸಾ ಸಾಯುತ್ತಿದ್ದಾಗ, ಈಕೆಯ ಬಗ್ಗೆ ಮಠದ ಮುಖ್ಯಸ್ಥೆಯಾದ ನಮ್ಮ ಮದರ್ ಏನು ತಾನೆ ಬರೆಯಬಲ್ಲರು, ಹೇಳುವಂಥದ್ದು ಈಕೆ ಏನು ಮಾಡಿದ್ದಾರೆ ಎಂದು ಸಹೋದರಿಯೊಬ್ಬರು ಆಡಿಕೊಂಡದ್ದು ಪ್ರಸಿದ್ಧವಾಗಿದೆ. ಮುಂದೆ ಆದದ್ದು ಎಲ್ಲರಿಗೂ ಗೊತ್ತು: 1925ರಲ್ಲಿ ಸಂತಪದವಿ, 1997ರಲ್ಲಿ ಧರ್ಮಸಭೆಯ ಆಚಾರ್ಯೆ ಎಂಬ ಗೌರವ. ಈ ಕಥೆಯನ್ನು ಹೇಳುವವರು ಆ ಸಹೋದರಿಯ ಮಾತನ್ನು ಕುರುಡುತನದ ಉದಾಹರಣೆಯೆಂದು ತೋರಿಸಿ ನಗುತ್ತಾರೆ. ನನಗೆ ಮಾತ್ರ ಆಕೆ ಕಂಡದ್ದನ್ನೇ ಹೇಳಿದರು ಎನ್ನಿಸುತ್ತದೆ. ನಿಜಕ್ಕೂ ಹೇಳುವಂಥದ್ದು ಏನೂ ಇರಲಿಲ್ಲ. ತೆರೇಸಾ ಬಯಸಿದ್ದೂ ಅದನ್ನೇ.

ತೆರೇಸಾ ಸ್ವತಃ ಬರೆದಿಟ್ಟ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಮಠದಲ್ಲಿ ಸಂತ ಪೇತ್ರರ ಹೆಸರನ್ನು ಧರಿಸಿದ್ದ ಒಬ್ಬ ವೃದ್ಧ ಸಹೋದರಿ ಇದ್ದರು, ಕಾಯಿಲೆಯವರು, ನಡೆಯಲಾರದವರು, ಮೆಚ್ಚಿಸಲು ಬಹಳ ಕಷ್ಟವಾದವರು. ಸಂಜೆಯ ಪ್ರಾರ್ಥನೆಯ ನಡುವೆಯೇ ಅವರನ್ನು ಊಟದ ಕೋಣೆಗೆ ಕರೆದೊಯ್ಯಬೇಕಿತ್ತು. ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಅವರು ತಮ್ಮ ಮರಳುಗಡಿಯಾರವನ್ನು ಅಲ್ಲಾಡಿಸುತ್ತಿದ್ದರು; ಹೊರಡಬೇಕೆಂಬುದಕ್ಕೆ ಅದೇ ಸೂಚನೆ. ಕುಳಿತಿದ್ದ ಮಣೆಯನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಎತ್ತಿಕೊಳ್ಳಬೇಕು, ಅವಸರ ಮಾಡಬಾರದು, ಹಿಂದಿನಿಂದ ಸೊಂಟದ ಪಟ್ಟಿಯನ್ನು ಹಿಡಿದು ನಡೆಸಬೇಕು. ಸ್ವಲ್ಪ ಬೇಗ ನಡೆದರೆ ಬೀಳುತ್ತೇನೆಂಬ ದೂರು, ನಿಧಾನವಾದರೆ ಕೈಬಿಟ್ಟೆಯೆಂಬ ದೂರು, ಇಷ್ಟು ಚಿಕ್ಕವಳು ನನ್ನನ್ನು ನಡೆಸಲಾರಳು ಎಂಬ ಗೊಣಗಾಟ. ಊಟದ ಕೋಣೆ ತಲುಪಿದ ಮೇಲೆ ಅವರನ್ನು ಕೂರಿಸಿ, ತೋಳುಗಳನ್ನು ಅವರು ಹೇಳಿದಂತೆಯೇ ಮಡಿಸಬೇಕು. ಆಮೇಲೆ ತೆರೇಸಾ ಹೋಗಬಹುದಿತ್ತು. ಆದರೆ ಆ ಊನವಾದ ಕೈಗಳಿಗೆ ಬ್ರೆಡ್ಡನ್ನು ಕತ್ತರಿಸಲು ಕಷ್ಟವಾಗುತ್ತಿರುವುದನ್ನು ಅವರು ಕಂಡರು. ಅಂದಿನಿಂದ ಅದನ್ನು ಕತ್ತರಿಸಿಕೊಟ್ಟು ಒಂದು ನಗೆ ನಕ್ಕು ಹೊರಡತೊಡಗಿದರು. ಒಂದು ಚಳಿಗಾಲದ ಸಂಜೆ ಹೀಗೆ ನಡೆಸಿಕೊಂಡು ಹೋಗುತ್ತಿರುವಾಗ ದೂರದಿಂದ ವಾದ್ಯದ ದನಿ ಕೇಳಿತಂತೆ. ದೀಪಗಳು ಬೆಳಗುವ, ಚಿನ್ನದ ಕೆಲಸದ ಗೋಡೆಗಳ ಒಂದು ದೊಡ್ಡ ಮನೆಯನ್ನೂ ಅಲ್ಲಿನ ಚೆಂದದ ಉಡುಗೆಯ ಹೆಣ್ಣುಮಕ್ಕಳನ್ನೂ ಮನಸ್ಸು ಚಿತ್ರಿಸಿಕೊಂಡಿತು. ಕಣ್ಣೆದುರು ಇದ್ದದ್ದು ಮಂಕು ದೀಪದ ಇಟ್ಟಿಗೆಯ ಓಣಿ, ನರಳುವ ಮುದುಕಿ. ಆ ಹತ್ತು ನಿಮಿಷವನ್ನು ಲೋಕದ ಸಾವಿರ ವರ್ಷಗಳ ಹಬ್ಬಕ್ಕೂ ಕೊಡಲಾರೆ ಎಂಬ ಅರ್ಥದ ಮಾತನ್ನು ಅವರು ಬರೆದಿದ್ದಾರೆ.

ಈ ಪ್ರಸಂಗವನ್ನು ಓದುವಾಗ ನಾವೆಲ್ಲರೂ ನಮ್ಮನ್ನು ಬ್ರೆಡ್ಡು ಕತ್ತರಿಸುವವರ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ. ಯಾರೂ ಆ ವೃದ್ಧೆಯ ಜಾಗದಲ್ಲಿ ಕೂರುವುದಿಲ್ಲ. ಆದರೆ ಪ್ರಶ್ನೆ ಇರುವುದು ಅಲ್ಲಿ. ಪ್ರೀತಿಯಿಂದ ಮಾಡಿದ ಸಣ್ಣ ಕೆಲಸವೇ ಸಾಮಾನ್ಯ ಬದುಕಿಗೆ ಬೆಲೆ ತರುತ್ತದೆ ಎನ್ನುವುದಾದರೆ, ಸಣ್ಣ ಕೆಲಸವನ್ನು ಕೂಡ ಮಾಡಲಾರದವರ ಗತಿ ಏನು? ಕೈ ಸೋತವರು, ನೆನಪು ಅಳಿದವರು, ಪ್ರಾರ್ಥನೆಯ ಮಾತುಗಳೇ ನಾಲಿಗೆಗೆ ಬಾರದವರು, ಹುಟ್ಟಿನಿಂದಲೇ ಇನ್ನೊಬ್ಬರ ಕೈಯಿಂದ ಉಣ್ಣಬೇಕಾದವರು ಇದ್ದಾರೆ. ಗೊಣಗಾಟ ಬಿಟ್ಟು ಕೊಡಲು ಬೇರೇನೂ ಇಲ್ಲದ ಆ ಸಹೋದರಿ ತನ್ನನ್ನು ನಡೆಸುತ್ತಿದ್ದ ಹುಡುಗಿಯಷ್ಟೇ ದೇವರಿಗೆ ಬೇಕಾದವರು ಎಂದು ಒಪ್ಪದೆ ಹೋದರೆ, ನಾವು ಸಾಧನೆಯ ಅಳತೆಗೋಲನ್ನು ಮುರಿದಂತಾಗುವುದಿಲ್ಲ, ಅದರ ಮೇಲಿನ ಗೆರೆಗಳನ್ನು ಇನ್ನಷ್ಟು ಹತ್ತಿರ ಎಳೆದಂತಾಗುತ್ತದೆ, ಅಷ್ಟೆ. ಯೊರ್ದನಿನ ದನಿ ಕೆಲಸಕ್ಕಿಂತ ಮೊದಲು ಬಂದದ್ದು ಇಂಥವರಿಗೂ ಸೇರಿ ಎಂದು ನಂಬುವುದೇ ಕೃಪೆಯನ್ನು ನಂಬುವುದು.

ಆದ್ದರಿಂದ ಸಾಮಾನ್ಯರಿಗೆ ಒಬ್ಬ ಪ್ರತಿನಿಧಿ ಬೇಕೆಂದಾದರೆ ನಾನು ಕ್ವರ್ತನನ್ನು ಆರಿಸುತ್ತೇನೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ವಂದನೆಗಳ ಉದ್ದನೆಯ ಪಟ್ಟಿ ಇದೆ. ಅದರ ಕೊನೆಗೆ, ಪಟ್ಟಣದ ಖಜಾನಾಧಿಕಾರಿಯಾದ ಎರಸ್ತನೂ ಸಹೋದರನಾದ ಕ್ವರ್ತನೂ ನಿಮಗೆ ವಂದನೆ ಹೇಳುತ್ತಾರೆ ಎಂಬ ಮಾತು ಬರುತ್ತದೆ. ಎರಸ್ತನಿಗೆ ಹುದ್ದೆ ಇದೆ. ಕೊರಿಂಥದಲ್ಲಿ 1929ರಲ್ಲಿ ಉತ್ಖನನದ ವೇಳೆ, ಎರಸ್ತನೆಂಬ ಅಧಿಕಾರಿ ತನ್ನ ಸ್ವಂತ ಖರ್ಚಿನಲ್ಲಿ ನೆಲಕ್ಕೆ ಕಲ್ಲು ಹಾಸಿಸಿದನೆಂದು ಹೇಳುವ ಶಾಸನವೊಂದು ಸಿಕ್ಕಿದೆ. ಅವನೂ ಇವನೂ ಒಬ್ಬನೇ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ, ಕೆಲವರು ಒಪ್ಪುವುದಿಲ್ಲ. ಕ್ವರ್ತನ ಬಗ್ಗೆ ವಾದಿಸಲು ಏನೂ ಇಲ್ಲ. ಅವನ ಹುದ್ದೆ, ಮನೆತನ, ಸಾಹಸ ಯಾವುದೂ ಪತ್ರದಲ್ಲಿಲ್ಲ. ಪತ್ರವನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯನು ಅಲ್ಲೇ ಒಂದು ಸಾಲು ಮೊದಲು ತನ್ನ ವಂದನೆಯನ್ನೂ ಸೇರಿಸಿದ್ದಾನೆ. ಅವನಿಗಾದರೂ ಬರಹದ ಕೆಲಸವಿತ್ತು. ಕ್ವರ್ತನಿಗೆ ಇರುವುದು ಸಹೋದರ ಎಂಬ ಸಂಬಂಧ ಮಾತ್ರ. ಕೋಣೆಯಲ್ಲಿ ಇದ್ದ, ವಂದನೆ ತಿಳಿಸಿ ಎಂದ, ಪೌಲನು ಬೇಡವೆನ್ನಲಿಲ್ಲ. ಕ್ರೈಸ್ತ ಚಿಂತನೆಯ ಅತ್ಯಂತ ಪ್ರಭಾವಿ ಪತ್ರದಲ್ಲಿ ಖಜಾನಾಧಿಕಾರಿಯ ಪಕ್ಕದಲ್ಲಿ ಅವನು ಹೀಗೆ ಕುಳಿತಿದ್ದಾನೆ, ಯಾವ ಸಂಕೋಚವೂ ಇಲ್ಲದೆ.

ದೊಡ್ಡದನ್ನು ಬಯಸುವುದೇ ತಪ್ಪೇ ಎಂದು ಕೇಳಬಹುದು. ಬಾರೂಕನ ಕಥೆಯನ್ನು ಇಲ್ಲಿ ನೆನೆಯಬೇಕು. ಅವನು ಪ್ರವಾದಿ ಯೆರೆಮೀಯನ ಮಾತುಗಳನ್ನು ಬರೆದುಕೊಳ್ಳುತ್ತಿದ್ದ ಲೇಖಕ, ಅಧಿಕಾರವರ್ಗಕ್ಕೆ ಹತ್ತಿರವಾದ ಮನೆತನದವನು. ಅವನ ಸಹೋದರ ಸೆರಾಯನು ಅರಸನ ಸೇವೆಯಲ್ಲಿದ್ದವನು. ಬಾರೂಕ ಕಷ್ಟಪಟ್ಟು ಬರೆದ ಸುರುಳಿಯನ್ನು ಅರಸನಾದ ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಕುಳಿತು, ಮೂರು ನಾಲ್ಕು ಅಂಕಣ ಓದಿಸಿದಂತೆಲ್ಲ ಚೂರಿಯಿಂದ ಕತ್ತರಿಸಿ ಅಗ್ಗಿಷ್ಟಿಕೆಗೆ ಎಸೆದನು. ಎಲ್ಲವನ್ನೂ ಮೊದಲಿನಿಂದ ಮತ್ತೆ ಬರೆಯಬೇಕಾಯಿತು. ಬಾರೂಕನ ನಿಟ್ಟುಸಿರಿಗೆ ಉತ್ತರವಾಗಿ ಬಂದ ದೇವರ ಮಾತು ಯೆರೆಮೀಯನ ಗ್ರಂಥದ 45ನೆಯ ಅಧ್ಯಾಯದಲ್ಲಿದೆ, ಒಟ್ಟು ಐದೇ ವಚನ: ನಾನು ಕಟ್ಟಿದ್ದನ್ನೇ ಕೆಡವುತ್ತಿರುವ ಈ ಹೊತ್ತಿನಲ್ಲಿ ನೀನು ನಿನಗಾಗಿ ದೊಡ್ಡ ಸಂಗತಿಗಳನ್ನು ಹುಡುಕುತ್ತೀಯಾ, ಹುಡುಕಬೇಡ, ಎಲ್ಲಿ ಹೋದರೂ ನಿನ್ನ ಪ್ರಾಣವನ್ನು ನಿನಗೆ ಉಳಿಸಿಕೊಡುತ್ತೇನೆ. ಈ ಮಾತು ಗಡುಸಾಗಿ ಕೇಳಿಸುತ್ತದೆ. ಆದರೆ ಆ ಮಾತನ್ನು ಆಡುವವನು ತಾನು ನೆಟ್ಟದ್ದನ್ನು ತಾನೇ ಕೀಳುವ ಸಂಕಟದಲ್ಲಿದ್ದಾನೆ. ಬಾರೂಕನಿಗೆ ಆಶ್ವಾಸನೆಯಾಗಿ ಸಿಕ್ಕಿದ್ದು ಬರೀ ಬದುಕು. ಪಟ್ಟಣಗಳು ಬೀಳುವ ಕಾಲದಲ್ಲಿ ಅದು ಕಡಿಮೆಯದಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ದೀನತೆಯ ಬೋಧೆಯನ್ನು ಮೇಲಿರುವವರು ಕೆಳಗಿರುವವರ ಬಾಯಿ ಮುಚ್ಚಿಸಲು ಬಳಸಿದ ಕಾಲಗಳು ಸಭೆಯ ಇತಿಹಾಸದಲ್ಲಿ ಬೇಕಾದಷ್ಟಿವೆ. ಸಿಕ್ಕಿದ್ದರಲ್ಲಿ ತೃಪ್ತನಾಗಿರು ಎಂದು ಕೂಲಿಯವನಿಗೆ ಹೇಳುವ ಯಜಮಾನ, ತಾಳ್ಮೆಯೇ ನಿನ್ನ ಶಿಲುಬೆ ಎಂದು ಹೊಡೆತ ತಿನ್ನುವ ಹೆಂಡತಿಗೆ ಹೇಳುವ ಬೋಧಕ, ಇಬ್ಬರೂ ಒಂದೇ ಸುಳ್ಳನ್ನು ಹೇಳುತ್ತಾರೆ. ಕೊಯ್ಲಿನ ಆಳುಗಳಿಂದ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಸಾಮಾನ್ಯನ ಬದುಕಿಗೆ ಬೆಲೆ ಇದೆ ಎನ್ನುವವನು ಅವನ ಕೂಲಿಗೂ ಬೆಲೆ ಇದೆ ಎನ್ನಲೇಬೇಕಾಗುತ್ತದೆ.

ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮ ಈ ವಿಷಯದಲ್ಲಿ ಬಹಳ ನ್ಯಾಯವಾಗಿದೆ ಎಂದು ನನಗನ್ನಿಸುತ್ತದೆ. ಅದರ 35ನೆಯ ಅಧ್ಯಾಯದ ಪ್ರಕಾರ ಸಹೋದರರು ಸರದಿಯಂತೆ ಒಂದೊಂದು ವಾರ ಅಡುಗೆಮನೆಯ ಕೆಲಸ ಮಾಡಬೇಕು. ಕಾಯಿಲೆ ಅಥವಾ ಬಹುಮುಖ್ಯ ಹೊಣೆ ಇದ್ದವರನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ವಾರ ಮುಗಿಸುವವನು ಶನಿವಾರ ಎಲ್ಲವನ್ನೂ ತೊಳೆದು, ಸಹೋದರರು ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಲೆಕ್ಕದೊಂದಿಗೆ ಒಪ್ಪಿಸಬೇಕು. ಮಠದ ಪಾತ್ರೆ ಪರಡಿಗಳನ್ನೆಲ್ಲ ಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು 31ನೆಯ ಅಧ್ಯಾಯ ಉಗ್ರಾಣದವನಿಗೆ ಹೇಳುತ್ತದೆ. ಈ ಎರಡು ನಿಯಮಗಳೂ ಒಟ್ಟಿಗೆ ಇರಬೇಕು. ಪಾತ್ರೆ ಪವಿತ್ರವೆಂದು ಹೊಗಳಿ ತೊಳೆಯುವ ಕೆಲಸವನ್ನು ಯಾವಾಗಲೂ ಒಬ್ಬರಿಗೇ ಬಿಟ್ಟರೆ ಅದು ಬರಿಯ ಬಾಯುಪಚಾರ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ವಿವಾಹದ ಕುರಿತು ಬರೆಯುವಾಗ, ಮಗುವಿನ ಹೊಲಸು ಬಟ್ಟೆ ಒಗೆಯುವ ತಂದೆಯನ್ನು ಕಂಡು ಜನ ಗೇಲಿ ಮಾಡಬಹುದು, ಆದರೆ ದೇವರು ತನ್ನ ದೂತರೊಂದಿಗೂ ಸಕಲ ಸೃಷ್ಟಿಯೊಂದಿಗೂ ಅವನನ್ನು ನೋಡಿ ನಗೆ ಬೀರುತ್ತಾನೆ ಎಂದರು. ಲೂಥರ್ ಉದಾಹರಣೆಗೆ ತಾಯಿಯನ್ನು ತೆಗೆದುಕೊಳ್ಳದೆ ತಂದೆಯನ್ನು ತೆಗೆದುಕೊಂಡದ್ದು ಒಳ್ಳೆಯದಾಯಿತು. ಇಂದಿಗೂ ಆ ವಾಕ್ಯವನ್ನು ಓದಿ ಮೆಚ್ಚುವ ತಂದೆಯರು ಬಟ್ಟೆ ಒಗೆಯುವ ತಂದೆಯರಿಗಿಂತ ಹೆಚ್ಚಿರಬೇಕು.

ಸಾಮಾನ್ಯ ಬದುಕನ್ನು ಚೆಂದಗೊಳಿಸಿ ಹೇಳುವುದೂ ನನಗೆ ಹಿಡಿಸುವುದಿಲ್ಲ. ಅದು ಬಹುಮಟ್ಟಿಗೆ ಬೇಸರದ್ದು. ನಿನ್ನೆ ಉಜ್ಜಿದ ನೆಲವೇ ಇಂದು ಕೊಳೆಯಾಗಿರುತ್ತದೆ, ಹೋದ ತಿಂಗಳ ಮಾತೇ ಈ ತಿಂಗಳ ಜಗಳವಾಗುತ್ತದೆ, ಪ್ರಾರ್ಥನೆ ಹಲವು ದಿನ ಬಾಯಿಪಾಠಕ್ಕಿಂತ ಮೇಲೇಳುವುದಿಲ್ಲ. ಥೆಸಲೊನೀಕದ ಸಭೆಗೆ ಈ ಬೇಸರ ತಡೆಯಲಾಗಲಿಲ್ಲವೆಂದು ತೋರುತ್ತದೆ. ಕೆಲವರು ದುಡಿಮೆ ಬಿಟ್ಟು ಇತರರ ವಿಷಯಗಳಲ್ಲಿ ತಲೆಹಾಕುತ್ತ ತಿರುಗುತ್ತಿದ್ದರು. ಕರ್ತನು ಇನ್ನೇನು ಬಂದುಬಿಡುತ್ತಾನೆ ಎಂಬ ಕಾತರವೇ ಇದಕ್ಕೆ ಕಾರಣವೆಂದು ಅನೇಕ ವ್ಯಾಖ್ಯಾನಕಾರರು ತಿಳಿಯುತ್ತಾರೆ. ಪೌಲನು ಅವರಿಗೆ ಬರೆದದ್ದು, ಸುಮ್ಮನಿದ್ದು ಸ್ವಂತ ಕಾರ್ಯ ನೋಡಿಕೊಂಡು ಕೈಯಾರೆ ಕೆಲಸ ಮಾಡುವುದನ್ನೇ ನಿಮ್ಮ ಹೆಬ್ಬಯಕೆಯಾಗಿ ಮಾಡಿಕೊಳ್ಳಿ ಎಂದು. ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡವನಿಗೆ ಹಾಗೆ ಹೇಳುವ ಹಕ್ಕಿತ್ತು.

ಅರಾಮ್ ದೇಶದ ಸೇನಾಪತಿಯಾದ ನಾಮಾನನಿಗೂ ಇದೇ ಕಷ್ಟ ಎದುರಾಯಿತು. ಕುಷ್ಠ ವಾಸಿಯಾಗಲು ಯೊರ್ದನಿನಲ್ಲಿ ಏಳು ಸಾರಿ ಸ್ನಾನ ಮಾಡು ಎಂದು ಎಲೀಷನು ಆಳಿನ ಮೂಲಕ ಹೇಳಿಕಳುಹಿಸಿದಾಗ ಅವನು ಸಿಟ್ಟಾಗಿ ಹೊರಟುಬಿಟ್ಟನು. ಪ್ರವಾದಿಯು ಕಠಿಣವಾದದ್ದನ್ನು ಹೇಳಿದ್ದರೆ ಮಾಡುತ್ತಿದ್ದಿರಲ್ಲವೇ ಎಂದು ಕೇಳಿದವರು ಅವನ ಸೇವಕರು. ಅವರ ಹೆಸರು ಬರೆದಿಟ್ಟಿಲ್ಲ. ಇಸ್ರಾಯೇಲಿನಲ್ಲಿ ಪ್ರವಾದಿಯಿದ್ದಾನೆಂದು ಮೊದಲು ಸೂಚಿಸಿದ ಸೆರೆಯಾಳು ಹುಡುಗಿಯ ಹೆಸರೂ ಇಲ್ಲ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ನ್ಯಾಯತೀರ್ಪಿನ ಚಿತ್ರದಲ್ಲಿ ನೀತಿವಂತರು ಕೇಳುವ ಪ್ರಶ್ನೆ ವಿಚಿತ್ರವಾದದ್ದು: ಕರ್ತನೇ, ನೀನು ಹಸಿದದ್ದನ್ನು ಕಂಡು ನಾವು ಯಾವಾಗ ಊಟ ಕೊಟ್ಟೆವು? ಅವರಿಗೆ ನಿಜವಾಗಿಯೂ ನೆನಪಿಲ್ಲ. ಒಂದು ತಟ್ಟೆ ಊಟ, ಒಂದು ಲೋಟ ನೀರು, ಕಾಯಿಲೆಯವರ ಬಳಿ ಕುಳಿತ ಒಂದಿಷ್ಟು ಹೊತ್ತು ಅವರ ಎಣಿಕೆಗೇ ಬಂದಿರಲಿಲ್ಲ. ಸಾಕ್ಷಿ ಹೇಳಲು ಎಬ್ಬಿಸಿದ್ದರೆ ಇವರೂ ಹೇಳಲು ಏನೂ ಇಲ್ಲವೆಂದೇ ಕುಳಿತುಬಿಡುತ್ತಿದ್ದರು. ಅವರ ಮರೆವು ಸುಳ್ಳು ವಿನಯವಾಗಿದ್ದರೆ ಈ ಚಿತ್ರವೇ ಕೆಟ್ಟುಹೋಗುತ್ತಿತ್ತು.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯವು ಪುನರುತ್ಥಾನದ ಕುರಿತು ಹೊಸ ಒಡಂಬಡಿಕೆಯಲ್ಲಿರುವ ಅತ್ಯಂತ ವಿಸ್ತಾರವಾದ ವಾದ. ಮರಣವೇ, ನಿನ್ನ ಜಯವೆಲ್ಲಿ ಎಂಬ ಎತ್ತರಕ್ಕೆ ಏರಿದ ಅದು, ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ ಎಂಬ ಮಾತಿನೊಂದಿಗೆ ಮುಗಿಯುತ್ತದೆ. ಅಧ್ಯಾಯ ಮತ್ತು ವಚನಗಳ ವಿಂಗಡಣೆ ಬಹಳ ನಂತರದ್ದು. ಪತ್ರವನ್ನು ಮೊದಲು ಕೇಳಿದವರಿಗೆ ಅಲ್ಲಿ ನಿಲುಗಡೆ ಇರಲಿಲ್ಲ. ಮರುವಾಕ್ಯದಲ್ಲೇ ಪೌಲನು ಯೆರೂಸಲೇಮಿನ ಬಡವರಿಗಾಗಿ ಎತ್ತುವ ಹಣದ ವಿಷಯಕ್ಕೆ ಬರುತ್ತಾನೆ: ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನಗೆ ದೊರೆತ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಲಿ, ನಾನು ಬಂದ ಮೇಲೆ ಹಣ ಕೂಡಿಸುವ ಗಡಿಬಿಡಿ ಬೇಡ, ನೀವು ಒಪ್ಪಿದವರ ಕೈಗೆ ಪತ್ರ ಕೊಟ್ಟು ಕಳುಹಿಸುತ್ತೇನೆ, ನಾನೂ ಹೋಗಬೇಕೆಂದಾದರೆ ಅವರು ನನ್ನ ಸಂಗಡ ಬರಲಿ.